ಒಂದೇ ಕಣ್ಣಿನ ಕಾಡಿಗೆ

ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗಿತು. ಬೆಳಗಿನ ಆ ಸದ್ದಿಗೆ ಭೂಸನೂರಿನ ಹೆಂಗಸರು ಒಲೆ ಹಚ್ಚುತ್ತಾರೆ, ಮಿನಾಜ ಗುಳಿಗೆ ನುಂಗುತ್ತಾಳೆ. ಅಂದು ನುಂಗಲಿಲ್ಲ. ತಮ್ಮ ಅರ್ಫಾತನಿಗೆ ಮಗಳು ಹುಟ್ಟಿದ ಸುದ್ದಿ ಬಂದಾಗಿನಿಂದ ನುಂಗಿರಲಿಲ್ಲ.

ಆ ಗುಳಿಗೆಗೆ ಬಾಯಿಗೊಂದು ಹೆಸರು. ಕಲಬುರಗಿಯ ಡಾಕ್ಟರು ಮನಸ್ಸಿನ ಔಷಧ ಎಂದಿದ್ದರು. ಅಮ್ಮಿ ಬಂದವರ ಮುಂದೆ ತಾಕತ್ತಿನ ಗುಳಿಗಿ ಎನ್ನುತ್ತಿದ್ದಳು. ಅರ್ಫಾತನಿಗೆ ಅದು ನಿದ್ದಿ ಗುಳಿಗಿ. ಅವನ ಹೆಂಡತಿಯ ತಾಯಿ ಅಖ್ತರಬೇಗಂ ಮಾತ್ರ ಹುಚ್ಚಿನ ಗುಳಿಗಿ ಎಂದು ಮುಖಕ್ಕೇ ಅನ್ನುತ್ತಿದ್ದಳು. ಗಂಡನ ಮನೆಯವರು ಮಿನಾಜಳನ್ನು ತಿರುಗಿ ಕಳಿಸಿದ್ದೂ ಅದೇ ಹೆಸರು ಹೇಳಿ. ಅದನ್ನು ನುಂಗಿಯೇ ಅವಳು ನಿದ್ದೆ ಮಾಡಿದ್ದಳು, ರೊಟ್ಟಿ ಬಡಿದಿದ್ದಳು, ನಕ್ಕಿದ್ದಳು. ಅದಕ್ಕೆ ಯಾರೂ ಹೆಸರಿಡಲಿಲ್ಲ.

ಗುಳಿಗೆಯಿಂದ ಕೈ ಸಣ್ಣಗೆ ನಡುಗುತ್ತಿತ್ತು. ಆರನೇ ದಿನದ ಛಟ್ಟಿಯಲ್ಲಿ ಕೂಸಿನ ಕಣ್ಣಿಗೆ ಮೊದಲ ಕಾಡಿಗೆ ಹಚ್ಚುವವಳು ತಂದೆಯ ಅಕ್ಕ. ಮದುವೆ ಮುರಿದ ಮಿನಾಜಳಿಗೆ ಉಳಿದಿದ್ದ ಮಾನ ಅದೊಂದೇ. ನಡುಗುವ ಕೈ ಕೂಸನ್ನು ಮುಟ್ಟಕೂಡದು ಎಂದು ಅಖ್ತರಬೇಗಂ ಫೋನಿನಲ್ಲಿ ಹೇಳಿದ್ದಳು.

ಛಟ್ಟಿಯ ದಿನ, ಜೇವರ್ಗಿಯ ಅಖ್ತರಬೇಗಂಳ ಮನೆಯಲ್ಲಿ, ಮಿನಾಜ ಎಲ್ಲರೆದುರು ಅವಳ ಮುಂದೆ ಕೈ ಚಾಚಿದಳು.

"ನೋಡ್ರಿ ಖಾಲಾ."

ಬೆರಳು ಅಲುಗಲಿಲ್ಲ. ಬಾಣಂತಿ ಮುಸ್ಕಾನ ಕೂಸನ್ನು ಕೊಟ್ಟಳು.

"ತಗೋರಿ ಆಪಾ. ನಿಮ್ಮ ಮೂಗು ಬಂದದ. ಸಾಲದ್ದಕ್ಕ ನಿಮ್ಮ ಹಟಾನೂ ಬಂದದ."

ಒಂದು ಕಣ್ಣಿಗೆ ಗೆರೆ ನೂಲಿನಂತೆ ಬಂತು. ಹಿಗ್ಗಿನಲ್ಲಿ ಮಿನಾಜಳ ಮಾತು ಅವಳನ್ನು ಬಿಟ್ಟು ಓಡಿತು. ನಿದ್ದೆ ಇಲ್ಲವಂತೆ, ಬೇಕಾಗಿಯೂ ಇಲ್ಲವಂತೆ, ರಾತ್ರಿಯಿಡೀ ಕೂಸಿಗೆ ಅಂಗಿ ಹೊಲಿದಳಂತೆ.

"ಗುಳಿಗಿ ಬಿಟ್ಟೇನ್ರಿ. ಇದಕ್ಕಂತನೇ ಬಿಟ್ಟೇನಿ."

ಮುಸ್ಕಾನಳ ನಗು ನಿಂತಿತು. ಅಖ್ತರಬೇಗಂ ಕೂಸನ್ನು ಕಿತ್ತುಕೊಂಡು ಮಗಳ ಮೇಲೆ ಹರಿಹಾಯ್ದಳು.

"ಹುಚ್ಚಿನ ಗುಳಿಗಿ ಬಿಟ್ಟಾಳಂತ! ಯಾರ ಕೈಯಾಗ ಕೊಟ್ಟಿ ಬೇ ಕೂಸಿನ್ನ?"

"ಆಪಾ, ನೀ ತಗೋಬೇಕಿತ್ತು," ಎಂದ ಅರ್ಫಾತ, ನೆಲ ನೋಡುತ್ತ.

"ತಗೊಂಡ್ರ ಮುಟ್ಟಬಾರದು, ಬಿಟ್ರೂ ಮುಟ್ಟಬಾರದು. ಮತ್ತ ಯಾವಾಗ ಮುಟ್ಲೋ ತಮ್ಮಾ?"

ಅಜ್ಜಿಯ ತೋಳಿನಲ್ಲಿ ಕೂಸು ಪಿಳಿಪಿಳಿ ಕಣ್ಣು ಬಿಟ್ಟಿತು, ಒಂದು ಕಪ್ಪು, ಒಂದು ಬರಿದು. ಮಿನಾಜ ಬೆರಳನ್ನು ಸೆರಗಿಗೆ ಒರೆಸಿ ಚಪ್ಪಲಿ ಮೆಟ್ಟಿದಳು.

"ಮನಿಗಿ ಹೋಗಿ ಗುಳಿಗಿ ತಗೋತೇನಿ, ಕೈ ನಡುಗಿದ್ರ ನಡುಗ್ಲಿ, ಆದ್ರ ಆ ಇನ್ನೊಂದು ಕಣ್ಣಿಗಿ ನೀವು ಯಾರೂ ಹಚ್ಚಬ್ಯಾಡ್ರಿ, ನಾನೇ..." ಎನ್ನುತ್ತಲೇ ಅಂಗಳ ದಾಟಿ ನಡೆದಳು.