ಫೋಟೋದಲ್ಲಿದ್ದ ತುರುಬು

ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟದ್ದು, ಹಸು ಕರೆದು ಡೈರಿಗೆ ಹಾಲು ಹಾಕಿ ಬಂದದ್ದು, ರೇಷ್ಮೆ ಹುಳುವಿಗೆ ಸೊಪ್ಪು ಹಾಕಿದ್ದು, ಮಾವನವರ ಪಂಚೆಗೆ ನೀಲಿ ಹಾಕಿ ಹಿಂಡಿದ್ದು, ನೆನೆಸಿಟ್ಟ ಅವರೆಕಾಳು ಹಿತುಕಲು ಕೂತದ್ದು, ನಡುವೆ ಎದ್ದು ಗಂಧ ತೇದು ಅತ್ತೆಯ ಬೋಳು ತಲೆಗೆ ಬಳಿದದ್ದು. ಆ ದಿನ ಹನ್ನೊಂದು ಗಂಟೆಯೊಳಗೆ ನಾನು ಮಾಡಿದ್ದು ಇಷ್ಟು. ಎಂಬತ್ತರ ದಶಕದ ಒಂದು ಚಳಿಗಾಲ. ನಮ್ಮ ಊರು ಮುಳಬಾಗಿಲು ದಾಟಿ ನಂಗಲಿಗೆ ಹೋಗುವ ದಾರಿಯಲ್ಲಿ.

ತಲೆ ಬೋಳಾದದ್ದಕ್ಕೆ ಕಾರಣ ಪಾಸ್‌ಪೋರ್ಟು. ನನ್ನ ನಾದಿನಿ ಗಂಡನ ಜೊತೆ ಮಸ್ಕತ್‌ನಲ್ಲಿದ್ದಳು. ಚೊಚ್ಚಲ ಬಸುರಿ. ವಿಮಾನ ಹತ್ತಬೇಡ ಎಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಬರುವಂತಿರಲಿಲ್ಲ. "ಅಮ್ಮನನ್ನೇ ಕಳಿಸಿ, ಇಲ್ಲಿ ಎಣ್ಣೆನೀರು ಹಾಕುವವರು ಯಾರೂ ಇಲ್ಲ" ಎಂದು ಕಾಗದ ಬಂತು. ಕೋಲಾರಕ್ಕಿಂತ ಆಚೆ ಒಬ್ಬರೇ ಬಸ್ಸು ಹತ್ತದ ಅತ್ತೆ ಅವತ್ತೇ ಮೆಣಸು, ಬಜೆ, ಓಮ ಗಂಟು ಕಟ್ಟಿದರು.

ಅರ್ಜಿ ಬರೆಸಲು ಕೋಲಾರದ ಕೋರ್ಟಿನ ಮುಂದೆ ಟೈಪು ಮಾಡುವವರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಹುಟ್ಟಿದ ತಾರೀಖು ಕೇಳಿದರೆ ಅತ್ತೆ, "ನಮ್ಮಪ್ಪ ಬಾವಿ ತೋಡಿಸಿದ ವರ್ಷ" ಎಂದರು. ಅದಕ್ಕೊಂದು ಅಫಿಡವಿಟ್ಟು ಆಯಿತು. ಆಮೇಲೆ ಮೈಮೇಲಿನ ಗುರುತು.

"ಮಚ್ಚೆ ಏನಾದ್ರೂ ಐತಾ ಅಮ್ಮಾ?"

"ಮಚ್ಚೆ ಇಲ್ಲಪ್ಪ. ತಲೇಲಿ ಗಾಯ ಐತೆ. ಶ್ರೀನಿವಾಸಪುರದಾಗೆ ನಮ್ಮಪ್ಪನ ತೋಪಲ್ಲಿ ಮಾವಿನ ಮರದಿಂದ ಬಿದ್ದಿದ್ದು."

"ಕೂದಲೊಳಗಿದ್ರೆ ಯಾರಿಗೆ ಕಾಣ್ತದೆ?"

"ಬಿದ್ದೋಳು ನಾನಲ್ವಾ? ಬರ್ಕೊ."

ಬರೆದುಕೊಂಡರು. ಪಕ್ಕದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆವು. ಇಷ್ಟು ದೊಡ್ಡ ತುರುಬು, ಅದರ ಮೇಲೆ ಕನಕಾಂಬರ. ಪಾಸ್‌ಪೋರ್ಟು ಬಂದರೆ ಚಿಕ್ಕತಿರುಪತಿಯಲ್ಲಿ ಮುಡಿ ಕೊಡುತ್ತೇನೆಂದು ಅತ್ತೆ ಅಲ್ಲೇ ಹರಕೆ ಹೊತ್ತರು.

ಎಡವಟ್ಟಾದದ್ದು ಮಾಲೂರಿನ ಒಂದು ಮದುವೆಯಿಂದ. ಮದುವೆಗೆ ಹೋದ ಅತ್ತೆ, ಚಿಕ್ಕತಿರುಪತಿ ಅಲ್ಲಿಂದ ಹತ್ತಿರವೆಂದು ಹಾಗೇ ಹೋಗಿ ತಲೆ ಬೋಳಿಸಿಕೊಂಡೇ ಬಂದರು. ಮಾವ ಹೌಹಾರಿದರು. "ಅಷ್ಟು ದೂರ ಮತ್ತೆ ಯಾರು ಹೋಗ್ತಾರೆ? ಮೊದ್ಲೇ ಕೊಟ್ರೆ ಸ್ವಾಮಿ ಬ್ಯಾಡ ಅಂತಾನಾ?" ಎಂದರು ಅತ್ತೆ.

ಸ್ವಾಮಿ ಬೇಡ ಅನ್ನಲಿಲ್ಲ. ಆದರೆ ಒಂದೇ ವಾರಕ್ಕೆ ವಿಚಾರಣೆಗೆ ಪೊಲೀಸರನ್ನು ಕಳಿಸಿಬಿಟ್ಟ.

ಪೇದೆ ಬಂದಾಗ ಅತ್ತೆ ಜಗಲಿಯಲ್ಲಿ ಕಂಬಳಿ ಹೊದ್ದು, ಚಳಿಗೆ ಮಾವನ ಮಫ್ಲರು ಸುತ್ತಿಕೊಂಡು ಅವರೆಕಾಳು ಹಿತುಕುತ್ತಿದ್ದರು. ಪೇದೆ ಸೈಕಲ್ಲು ನಿಲ್ಲಿಸಿ ಕೇಳಿದರು:

"ತಾತಾ, ಈ ಮನೆ ಯಜಮಾನಮ್ಮ ಇದಾರಾ?"

"ತಾತ ಒಳಗವ್ರೆ. ನಾನೇ ಯಜಮಾನಮ್ಮ."

ಪೇದೆ ಚೀಲದಿಂದ ಫೋಟೋ ತೆಗೆದರು. ಫೋಟೋ ನೋಡಿದರು, ಅತ್ತೆಯನ್ನು ನೋಡಿದರು. "ಮಫ್ಲರ್ ತೆಗೀರಿ" ಎಂದರು. ತೆಗೆದ ಮೇಲೆ ಪೇದೆಯ ಮುಖ ನೋಡಿದರೆ, ತೆಗೆಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ಇದು ಅದಲ್ಲ."

"ಯಾವ್ದು ಯಾವ್ದಲ್ಲ?"

"ಫೋಟೋದಲ್ಲಿರೋರು ನೀವಲ್ಲಮ್ಮಾ. ನಾನು ಹಂಗೇ ಬರೀಬೇಕು. ಅರ್ಜಿ ವಾಪಸ್ ಹೋಗ್ತದೆ, ಮತ್ತೆ ಹೊಸದಾಗಿ ಹಾಕ್ಕೊಳ್ಳಿ."

ಹೊಸ ಅರ್ಜಿ, ಹೊಸ ಫೋಟೋ, ಮತ್ತೆ ಬೆಂಗಳೂರಿನ ಪಾಸ್‌ಪೋರ್ಟ್ ಆಫೀಸು. ಅಷ್ಟರಲ್ಲಿ ಮಗು ಹುಟ್ಟಿ ಬೋರಲು ಬೀಳುತ್ತದೆ. ಅತ್ತೆಯ ಕೈ ಅವರೆಕಾಳಿನಲ್ಲೇ ನಿಂತುಬಿಟ್ಟಿತು. ಅವರ ಕೈ ಹಾಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾವ ಹೊರಗೆ ಬಂದರು. "ನಂಬ್ರಿ ಸ್ವಾಮಿ, ಇವಳು ಅವಳೇ. ಬೇರೆಯೋಳಾಗಿದ್ರೆ ಇಷ್ಟೊತ್ತಿಗೆ ನಂಗೆ ಕಾಫಿ ಸಿಕ್ತಿತ್ತು."

ಮನೆಯವರ ಮಾತು ನಡೆಯದು, ನೆರೆಯವರು ಹೇಳಲಿ ಎಂದು ಪೇದೆ ಎದುರುಮನೆಯಾಕೆಯನ್ನು ಕರೆದರು. ಆಕೆ ಖಾಕಿ ಕಂಡದ್ದೇ ಬಾಗಿಲಲ್ಲೇ ಕೈಮುಗಿದರು. "ನಂಗೇನೂ ಗೊತ್ತಿಲ್ಲ ಸ್ವಾಮಿ. ಇವರ ಸಾವಾಸಾನೇ ನಮಗಿಲ್ಲ. ಯಾರೋ ಏನೋ."

ಅತ್ತೆ ಎದ್ದು ನಿಂತರು. "ಯಾರೋ ಏನೋನಾ? ಮೊನ್ನೆ ತಗೊಂಡೋದ ನನ್ನ ಜರಡಿ ಎಲ್ಲೇ?"

"ತೂತಿದ್ದ ಜರಡಿ ಕೊಟ್ಟು ಹಿಂಗೆ ಕೇಳ್ತೀಯಲ್ಲಕ್ಕ! ಇಪ್ಪತ್ತು ವರ್ಷದಿಂದ ನಿನ್ನ ಬಾಯಿ ಇದೇ!"

"ಇಪ್ಪತ್ತು ವರ್ಷದಿಂದ ಗೊತ್ತು" ಎಂದು ಪೇದೆ ಬರೆದುಕೊಂಡರು. ಆದರೂ ಫೋಟೋ ಕಡೆ ನೋಡಿ ತಲೆ ಕೆರೆದುಕೊಂಡರು. ಆಮೇಲೆ ಅರ್ಜಿಯ ನಕಲಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಬಂದರು. "ಗುರುತು... ತಲೆಯ ಎಡಭಾಗ, ಕಿವಿಯ ಮೇಲೆ, ಗಾಯದ ಕಲೆ."

ಅತ್ತೆ ತಲೆ ಬಗ್ಗಿಸಿದರು. ಕಲೆಯೇ ಇಲ್ಲ! ತಲೆ ತುಂಬ ನಾನು ಬಳಿದ ಗಂಧ, ಒಣಗಿ ಬಿರುಕು ಬಿಟ್ಟಿತ್ತು. ನಾನು ಒಳಗೋಡಿ ಒದ್ದೆ ಬಟ್ಟೆ ತಂದೆ. ಒಂದು ಸಲ ಒರೆಸಿದೆ, ಕಾಣಲಿಲ್ಲ. "ಕಿವಿ ಮೇಲೆ ಕಣೇ, ಕಿವಿ ಮೇಲೆ!" ಎಂದರು ಮಾವ. ಇನ್ನೊಂದು ಸಲ ಬಲವಾಗಿ ತಿಕ್ಕಿದೆ. ಅವರೆಕಾಯಿಯಷ್ಟುದ್ದದ ಕಲೆ, ಬಿಳಿಚಿಕೊಂಡು, ಬೆನ್ನು ಬಗ್ಗಿಸಿ ಮಲಗಿದ್ದ ಹಾಗೆ ಕಂಡಿತು.

ಪೇದೆ ಬಗ್ಗಿ ನೋಡಿದರು. ಎದುರುಮನೆಯಾಕೆಯೂ ಬಂದು ನೋಡಿದರು. ಮಾವ ಕನ್ನಡಕ ತಂದು ನೋಡಿದರು. "ಮದುವೆಯಾಗಿ ನಲವತ್ತು ವರ್ಷ, ನಂಗೇ ಗೊತ್ತಿರ್ಲಿಲ್ಲ" ಎಂದರು.

"ಕೂದಲಿದ್ದಿದ್ರೆ ಹುಡುಕೋಕೇ ಆಗ್ತಿರ್ಲಿಲ್ಲ" ಎಂದು ಪೇದೆ ನಕ್ಕು, "ಗುರುತು ಸರಿಯಾಗಿದೆ" ಎಂದು ಬರೆದು ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಅತ್ತೆ ಸುಮ್ಮನಿರಬೇಕಲ್ಲ! "ನೋಡಿದ್ರಾ? ಸ್ವಾಮಿಗೆ ಮೊದ್ಲೇ ಕೊಟ್ಟಿದ್ದು ಎಷ್ಟು ಒಳ್ಳೇದಾಯ್ತು?" ಎಂದು ಮಾವ ಕೈಗೆತ್ತಿಕೊಂಡಿದ್ದ ಮಫ್ಲರು ಕಿತ್ತುಕೊಂಡು ಮತ್ತೆ ಸುತ್ತಿಕೊಂಡರು.

ಪಾಸ್‌ಪೋರ್ಟು ಬಂತು, ಹೆರಿಗೆಗೆ ಹದಿನೈದು ದಿನ ಮೊದಲೇ ಅವರು ಹೋಗಿ ಮುಟ್ಟಿದರು. ಬಾಂಬೆ ಏರ್‌ಪೋರ್ಟಿನಲ್ಲಿ ಸೆರಗು ಸರಿಸಿ ಕಲೆ ತೋರಿಸಲು ಹೋದರಂತೆ, ಯಾರೂ ಕೇಳಿರಲಿಲ್ಲ.

ಪೇದೆ ಬಂದುಹೋದ ಆ ದಿನ ಸಂಜೆ ಹಿತಕಬೇಳೆ ಸಾರು, ರಾಗಿ ಮುದ್ದೆ ಮಾಡಿದೆ. ಎದುರುಮನೆಯಿಂದ ವಾಪಸ್ಸು ಬಂದ ಜರಡಿಯಲ್ಲಿ ನಾಲ್ಕು ಕಜ್ಜಾಯ ಇದ್ದವು. ಅತ್ತೆ ಎರಡು ಮುದ್ದೆ ಉಂಡು, ಮಫ್ಲರು ಬಿಚ್ಚದೆ ಎಲ್ಲರಿಗಿಂತ ಮೊದಲು ಮಲಗಿದರು.