ಟೈಲರಕ್ಕನ ಭಾನುವಾರ

ಬೀದಿಯ ಹಿಂದಿನ ಗುಡ್ಡದಲ್ಲಿ ಹುಲ್ಲು ಒಣಗಿತೆಂದರೆ ಟೈಲರಕ್ಕನ ಹೊಲಿಗೆ ಯಂತ್ರ ನಿಂತು ಬಾಯಿ ಓಡಲು ಶುರುವಾಗುತ್ತದೆ. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಪೊರಕೆ. ಭಾನುವಾರ ಬೆಳಗಾದರೆ ಬೀದಿಯವರನ್ನೆಲ್ಲ ಹಾಸಿಗೆಯಿಂದ ಎಬ್ಬಿಸಿ ಮನೆಗಳ ಸುತ್ತ ಬಿದ್ದ ತರಗೆಲೆ ಗುಡಿಸಲು ಹೊರಡಿಸುತ್ತಾಳೆ. ಗೋಡೆಗೂ ಸೌದೆಗೂ ನಡುವಿನ ದೂರವನ್ನು ಟೇಪು ಬಿಡಿಸಿ ಅಳೆದು, “ಕಾಡಿನ ಕಿಡಿ ಒಂದು ಹಾರಿ ಬಂದ್ರೆ ಸಾಕು, ನಿಮ್ಮನೆ ಜೊತೆ ನಮ್ಮನೇನೂ ಬೂದಿ. ಇನ್ನೂ ಆಚೆ ಒಟ್ಟಿ ಮೇಷ್ಟ್ರೇ” ಎಂದು ಪಕ್ಕದ ಮನೆಯ ಮೇಷ್ಟ್ರನ್ನೂ ಗದರುತ್ತಾಳೆ. ಅವಳು ಕಣ್ಣು ಬಿಟ್ಟರೆ ಒಣ ಎಲೆ ತಾನಾಗಿಯೇ ಎದ್ದು ನಡೆದು ಗುಂಡಿಗೆ ಬೀಳುತ್ತದೆಂದು ಬೀದಿಯವರು ನಗುತ್ತಾರೆ. ಆದರೆ ಮೊದಲ ಸರದಿ ಯಾವಾಗಲೂ ಕೊನೆಯ ಮನೆಯ ಮುದುಕರ ಅಂಗಳದ್ದೇ. ಕಾಂಪೌಂಡಿನ ಜಗಳವಾದಂದಿನಿಂದ ಅವರಿಗೂ ಇವಳಿಗೂ ಮಾತಿಲ್ಲ. “ನಮಗೆಲ್ಲ ಓಡೋಕೆ ಕಾಲಿದೆ. ಸೊಂಟ ಮುರ್ಕೊಂಡು ಮಲಗಿರೋರು ಎಲ್ಲಿಗೆ ಓಡ್ತಾರೆ?” ಎನ್ನುತ್ತ ಆ ಮನೆಯ ಹೆಂಚಿನ ಮಾಡಿಗೆ ಮಾತ್ರ ತಾನೇ ಹತ್ತುತ್ತಾಳೆ. ಮೊನ್ನೆ ಹಾಗೆ ಹತ್ತಿ ಹೆಂಚಿನ ಸಂದಿಯ ತರಗು ಬಾಚುತ್ತಿದ್ದಾಗ ಒಳಗಿನಿಂದ ಮುದುಕರು, “ಯಾರದು ಮೇಲೆ?” ಎಂದು ಕೂಗಿದರು. ಅಕ್ಕ ಅವರಿಗೆ ಉತ್ತರ ಕೊಡದೆ, ಕೆಳಗೆ ಏಣಿ ಹಿಡಿದಿದ್ದ ಮೇಷ್ಟ್ರಿಗೆ, “ಬೆಕ್ಕು ಅಂತ ಹೇಳಿ” ಎಂದಳು. ಮೇಷ್ಟ್ರು ಹಾಗೆಯೇ ಹೇಳಿದರು. ಒಳಗಿನಿಂದ ಮತ್ತೆ ಮುದುಕರ ದನಿ ಬಂತು: “ಮೂಲೆ ಹೆಂಚು ಸಡಿಲ ಇದೆ. ಬೆಕ್ಕಿಗೆ ಹುಷಾರಾಗಿ ಇಳಿಯೋಕೆ ಹೇಳಿ, ಮೇಷ್ಟ್ರೇ.”