ಐದು ಸೇರು ಎಂಜಿನ್ ಎಣ್ಣೆ

ನಿಜಾಮರ ಕಾಲದಲ್ಲಿ ನಾನು ಹತ್ತಿ ಗಿರಣಿಯ ಕೆಲಸ ಬಿಟ್ಟು, ಶಹಾಬಜಾರದ ಒಬ್ಬ ಸಾಹುಕಾರರ ಮೋಟಾರಿಗೆ ಕ್ಲೀನರ್ ಆಗಿ ಸೇರಿದೆ. ಆಗಲೇ ನಾನು ಇಬ್ಬರು ಮಕ್ಕಳ ತಂದೆ. ಮೋಟಾರು ನಡೆಸುತ್ತಿದ್ದವನು ಹೈದರಾಬಾದಿನಿಂದ ಬಂದ ಮುದುಕ. ಎಲ್ಲರೂ ಉಸ್ತಾದ ಎನ್ನುತ್ತಿದ್ದರು. ಅವನ ಕಣ್ಣಿಗೆ ಪೊರೆ ಬಂದಿತ್ತು. ಒಮ್ಮೆ ನಿಜಾಮರ ಬಂಗಲೆ ಐವಾನ್-ಎ-ಶಾಹಿಯ ಹತ್ತಿರ ಎದುರಿಗೆ ಬಂದ ಎತ್ತಿನ ಗಾಡಿ ಅವನಿಗೆ ಕಾಣಿಸಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ನಾನು ಸ್ಟೀರಿಂಗ್ ಚಕ್ರ ಎಳೆದು ತಪ್ಪಿಸಿದೆ. ಆ ಸುದ್ದಿಯನ್ನು ಸಾಹುಕಾರರ ಕಿವಿಗೆ ಹಾಕಿದವನೂ ನಾನೇ. ಉಸ್ತಾದನನ್ನು ಬಾಗಿಲು ಕಾಯಲು ಕೂರಿಸಿದರು. ಮೋಟಾರು ನನ್ನ ಕೈಗೆ ಬಂತು. ಜನರ ಜೀವ ಉಳಿಯಲಿ ಎಂದು ಹೇಳಿದೆನೆಂದು ಸಮಾಧಾನ ಮಾಡಿಕೊಂಡೆ. ಮೋಟಾರಿನ ಮೇಲೆ ನನಗೆ ಆಸೆಯೂ ಇತ್ತು. ಅದು ಅವನಿಗೂ ಗೊತ್ತಿತ್ತು.

ಎಂಜಿನ್ನಿನ ಎಣ್ಣೆ ಕರ್ರಗಾಗಿ ಬದಲಿಸುವ ಹೊತ್ತು ಬಂತು. ಆ ಕೆಲಸ ಮಾಡುವಾಗ ಉಸ್ತಾದ ನನ್ನನ್ನು ಹತ್ತಿರ ಸೇರಿಸಿದವನೇ ಅಲ್ಲ. ಮೋಟಾರಿನ ಜೊತೆ ಬಂದಿದ್ದ ಪುಸ್ತಕ ಎಂದೋ ಕಳೆದುಹೋಗಿತ್ತು. ವಿಧಿಯಿಲ್ಲದೆ ಅವನನ್ನೇ ಕೇಳಿದೆ.

"ಉಸ್ತಾದ, ಈ ಎಂಜಿನ್ ಎಷ್ಟ ಎಣ್ಣಿ ಹಿಡಿತದ್ರಿ?"

ಅವನು ನನ್ನ ಕಡೆ ತಿರುಗಲಿಲ್ಲ. "ಪಾಂಚ್ ಸೇರ್. ಐದು ಸೇರು ಹಿಡಿತದ. ಹೋಗು."

ಹಳೆಯದನ್ನು ಕೆಳಗಿನ ನಲ್ಲಿಯಿಂದ ಬಿಟ್ಟು, ಅಳೆದು ಐದು ಸೇರು ಹೊಸ ಎಣ್ಣೆ ಹೊಯ್ದೆ.

ಮರುದಿನ ಬೆಳಿಗ್ಗೆ ಕಮಲಾಪುರದಿಂದ ಆಳು ಬಂದ. ಅಲ್ಲಿಗೆ ಕೊಟ್ಟಿದ್ದ ಸಾಹುಕಾರರ ಮಗಳು ಜ್ವರದಲ್ಲಿ ಎಚ್ಚರ ತಪ್ಪಿದ್ದಳು. ಡಾಕ್ಟರನ್ನೂ ಸಾಹುಕಾರರನ್ನೂ ಕೂರಿಸಿಕೊಂಡು ಹೊರಟೆ. ಊರು ದಾಟುವ ಮುಂಚೆಯೇ ಹಿಂದೆ ನೀಲಿ ಹೊಗೆ ಎದ್ದಿತು. ಡಾಕ್ಟರು ಕೆಮ್ಮತೊಡಗಿದರು.

"ಏನೋ ಇದು? ಬೆಂಕಿ ಹತ್ಯಾದೇನು?" ಸಾಹುಕಾರರು ಕೇಳಿದರು.

"ಇಲ್ರಿ ಧಣಿ," ಎಂದೆ. ಏನೆಂದು ನನಗೂ ತಿಳಿಯಲಿಲ್ಲ.

ಕಮಲಾಪುರ ಇನ್ನೆರಡು ಹರದಾರಿ ಇರುವಾಗ ಎಂಜಿನ್ ನಿಂತಿತು. ಪ್ಲಗ್ಗುಗಳು ಎಣ್ಣೆಯಲ್ಲಿ ಅದ್ದಿದಂತಿದ್ದವು. ಒರೆಸಿ ಹಾಕಿದೆ, ಹತ್ತು ಮಾರು ಹೋಗಿ ಮತ್ತೆ ನಿಂತಿತು. ಹಿಂದಿನಿಂದ ಬಂದ ಎತ್ತಿನ ಗಾಡಿಯೊಂದನ್ನು ಸಾಹುಕಾರರು ಕೈಯೆತ್ತಿ ನಿಲ್ಲಿಸಿ ಡಾಕ್ಟರನ್ನು ಹತ್ತಿಸಿದರು. ತಾವೂ ಹತ್ತಿ, ನನ್ನ ಕಡೆ ಬೆರಳು ತೋರಿಸಿದರು.

"ನನ್ನ ಮಗಳಿಗಿ ಏನರ ಆತಂದ್ರ, ನೀ ಮತ್ತ ನನ್ನ ಬಾಗ್ಲಿಗಿ ಬರಬ್ಯಾಡ."

ಮೋಟಾರಿನ ಕೆಳಗೆ ಮಲಗಿದೆ. ಎಂಜಿನ್ನಿನ ಹೊಟ್ಟೆಗೆ ಒಂದರ ಮೇಲೊಂದು ಎರಡು ಸಣ್ಣ ನಲ್ಲಿಗಳಿದ್ದವು. ಮೇಲಿನದು ಯಾಕಿದೆಯೆಂದು ಅದುವರೆಗೆ ಯೋಚಿಸಿರಲಿಲ್ಲ. ಅದನ್ನು ತಿರುಗಿಸಿದೆ. ಎಣ್ಣೆ ಸುರಿಯುತ್ತಲೇ ಇತ್ತು. ಅದಕ್ಕಿಂತ ಮೇಲೆ ಎಣ್ಣೆ ಇರಬಾರದು ಎಂದು ಆಗ ಹೊಳೆಯಿತು. ತೊಟ್ಟಿಕ್ಕುವುದು ನಿಂತ ಮೇಲೆ, ಡಬ್ಬಿಯಲ್ಲಿ ಹಿಡಿದದ್ದನ್ನು ಅಳೆದರೆ, ಹೊರಬಂದದ್ದು ಸುಮಾರು ಒಂದೂವರೆ ಸೇರು. ಹಾಕಬೇಕಾಗಿದ್ದದ್ದು ಮೂರೂವರೆ. ಪ್ಲಗ್ಗು ಒರೆಸಿ ಹ್ಯಾಂಡಲ್ ತಿರುಗಿಸಿದೆ. ಎಂಜಿನ್ ಹೊಗೆಯಿಲ್ಲದೆ ಓಡಿತು.

ನಾನು ಕಮಲಾಪುರಕ್ಕೆ ಹೋಗುವಷ್ಟರಲ್ಲಿ ಡಾಕ್ಟರು ಹೊತ್ತಿಗೆ ಸರಿಯಾಗಿ ಮುಟ್ಟಿದ್ದರು. ಮೂರನೆಯ ದಿನ ಹುಡುಗಿಯ ಜ್ವರ ಇಳಿಯಿತು. ಸಾಹುಕಾರರನ್ನು ಮನೆಗೆ ಕರೆತಂದೆ.

ಅವರು ಒಳಗೆ ಹೋದ ಕೂಡಲೇ ಉಸ್ತಾದನ ಕೊರಳಪಟ್ಟಿ ಹಿಡಿದೆ.

"ಯಾಕ ಸುಳ್ಳ ಹೇಳ್ದಿ?"

"ಕೈ ತೆಗಿ. ಝೂಟ್ ಅಲ್ಲ ಅದು. ಪೂರಾ ಒಣಗಿದ ಎಂಜಿನ್ ಐದು ಸೇರೇ ಹಿಡಿತದ. ಎಣ್ಣಿ ಬಿಟ್ಟ ಮ್ಯಾಲೂ ಒಳಗ ಒಂದೂವರಿ ಸೇರು ನಿಂತಿರ್ತದ. ನೀ ಎಷ್ಟ ಹಿಡಿತದ ಅಂತ ಕೇಳ್ದಿ, ಹೇಳ್ದೆ. ಎಷ್ಟ ಹಾಕಬೇಕಂತ ಕೇಳ್ದ್ಯೇನು?"

"ಅಲ್ಲಿ ಒಂದ ಹುಡುಗಿ ಸಾಯಾಕತ್ತಿತ್ತು!"

"ಅದು ನಂಗ ಗೊತ್ತಿರ್ಲಿಲ್ಲ." ಪೊರೆ ಬಂದ ಕಣ್ಣುಗಳನ್ನು ನನ್ನ ಮುಖಕ್ಕೆ ನೆಟ್ಟ. "ನನ್ನ ಕಣ್ಣಿನ ಸುದ್ದಿ ಧಣಿಗಿ ಹೇಳಾಕ ಹೋಗುವಾಗ, ನಂಗ ಒಂದ ಮಾತು ಕೇಳಿದ್ದೇನು ನೀ?"

ನಾನು ಕೈ ಬಿಟ್ಟೆ, ಆದರೆ ಕ್ಷಮೆ ಕೇಳಲಿಲ್ಲ. ಸಾಹುಕಾರರಿಗೆ ಅವನ ಹೆಸರನ್ನೂ ಹೇಳಲಿಲ್ಲ. ಅದು ದೊಡ್ಡತನವೇನಲ್ಲ, ಮಾತು ಬೆಳೆದರೆ ನನ್ನ ಆಸೆಯೂ ಹೊರಬೀಳುತ್ತಿತ್ತು.

ಆಮೇಲೆ ಎರಡು ವರ್ಷ ಅವನು ಆ ಬಾಗಿಲಲ್ಲೇ ಇದ್ದ. ನಾನು ಹಾರ್ನು ಒತ್ತಿದಷ್ಟೂ ಬಾಗಿಲು ತೆರೆಯಲು ನಿಧಾನವಾಗಿ ಏಳುತ್ತಿದ್ದ. ನಾನು ಇನ್ನಷ್ಟು ಒತ್ತುತ್ತಿದ್ದೆ.